ಒಂದು ವರ್ಷದ ಸೋನೋಗ್ರಫಿ ಡಿಪ್ಲೊಮಾಕ್ಕೆ ದುಡ್ಡು ಕಟ್ಟಬಹುದೇ?

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ಕುಂದಾಪುರದ ಕಡೆಯವರು, ಡೊಂಬಿವಲಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇವೆ. ಯಜಮಾನರು ಅಂಧೇರಿಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಮಗಳು ಈ ಸಲ ಹನ್ನೆರಡನೇ ಸೈನ್ಸ್ ಮುಗಿಸಿದಳು, 71 ಪರ್ಸೆಂಟ್ ಬಂತು. ನೀಟ್ ಬರೆದಳು, ಅಂಕ ಸಾಲಲಿಲ್ಲ. ಕಳೆದ ವರ್ಷ ನಮ್ಮ ಅತ್ತೆಯನ್ನು ಸೋನೋಗ್ರಫಿಗೆ ಕರೆದುಕೊಂಡು ಹೋದಾಗ ಇವಳೂ ಒಳಗಿದ್ದಳು. ಪಿತ್ತಕೋಶದ ಕಲ್ಲು ಪರದೆ ಮೇಲೆ ಕಂಡದ್ದೇ ತಡ, ‘ನಾನು ಇದನ್ನೇ ಕಲಿಯುವುದು’ ಎಂದು ಹಟ ಹಿಡಿದಿದ್ದಾಳೆ. ಠಾಣೆಯಲ್ಲಿ ಒಂದು ಇನ್‌ಸ್ಟಿಟ್ಯೂಟ್‌ನವರು ಒಂದು ವರ್ಷದ ಸೋನೋಗ್ರಫಿ ಟೆಕ್ನೀಷಿಯನ್ ಡಿಪ್ಲೊಮಾ ಇದೆ ಎನ್ನುತ್ತಾರೆ. ಫೀಸ್ 1,80,000. ‘ಕಲಿತ ತಕ್ಷಣ ಸೆಂಟರ್‌ನಲ್ಲಿ ಕೆಲಸ, ಎರಡು ವರ್ಷಕ್ಕೆ ದುಬೈ, ಆಮೇಲೆ ಕೆನಡಾ’ ಅಂತ ಮಾತು. ಶುಕ್ರವಾರದೊಳಗೆ ಇಪ್ಪತ್ತೈದು ಸಾವಿರ ಕಟ್ಟಬೇಕಂತೆ. ನಾದಿನಿ ಹೇಳುವುದು, ಆ ಕೆಲಸ ಕಾನೂನಿಗೆ ವಿರುದ್ಧ, ಪೊಲೀಸರು ಹಿಡಿಯುತ್ತಾರೆ ಅಂತ. ಪಕ್ಕದ ಮನೆಯವರು, ದಿನಾ ಆ ಮಷೀನ್ ಹತ್ತಿರ ಕೂತರೆ ಮುಂದೆ ಮಕ್ಕಳಾಗುವುದಿಲ್ಲ ಅನ್ನುತ್ತಾರೆ. ಯಾರ ಮಾತು ನಂಬುವುದು? ಮಗಳು ಇನ್ನೊಂದು ಪ್ರಶ್ನೆ ಸೇರಿಸಲು ಹೇಳಿದ್ದಾಳೆ: ‘ಅಜ್ಜಿಯ ಕಲ್ಲಿನ ಹಿಂದೆ ಒಂದು ಕಪ್ಪು ಪಟ್ಟಿ ಇತ್ತು, ಅದು ಏನು?’

ಉತ್ತರ: ಮೊದಲು ಒಂದು ಮಾತು ಅಕ್ಕ. ಶುಕ್ರವಾರದ ಆ ಇಪ್ಪತ್ತೈದು ಸಾವಿರ ಕಟ್ಟಬೇಡಿ. ಸೀಟು ಹೋದರೆ ಹೋಗಲಿ. ನಿಮ್ಮ ಮಗಳಿಗೆ ಇಷ್ಟವಾದ ವಿದ್ಯೆ ಒಳ್ಳೆಯದೇ. ಅವರು ಮಾರುತ್ತಿರುವ ಕಾಗದ ಮಾತ್ರ ಆ ವಿದ್ಯೆಗೆ ದಾರಿಯಲ್ಲ.

ನನ್ನ ಹಿನ್ನೆಲೆ ಸ್ವಲ್ಪ ಹೇಳಿದರೆ ಮುಂದಿನದು ಸುಲಭವಾಗುತ್ತದೆ. ನಾನು ಮುಂಬಯಿಯ ಒಂದು ಮುನಿಸಿಪಲ್ ಆಸ್ಪತ್ರೆಯಲ್ಲಿ ಎಕ್ಸ್‌ರೇ ಕಲಿತವಳು. ಆಮೇಲೆ ಮಸ್ಕತ್‌ನಲ್ಲಿ ಒಂಬತ್ತು ವರ್ಷ ಸೋನೋಗ್ರಾಫರ್ ಆಗಿದ್ದೆ. ದಿನಕ್ಕೆ ಹದಿನೈದು ಇಪ್ಪತ್ತು ಜನರನ್ನು ನಾನೇ ಸ್ಕ್ಯಾನ್ ಮಾಡುತ್ತಿದ್ದೆ. ಲಿವರ್, ಕಿಡ್ನಿ, ಥೈರಾಯ್ಡ್, ಬಸುರಿಯರ ಹೊಟ್ಟೆ, ಎಲ್ಲ. ಚಿತ್ರ ತೆಗೆದು, ಅಳತೆ ಬರೆದು ಇಟ್ಟರೆ ಡಾಕ್ಟರ್ ನೋಡಿ ರಿಪೋರ್ಟ್ ಕೊಡುತ್ತಿದ್ದರು. ಊರಿಗೆ ವಾಪಸ್ ಬರುವುದೆಂದು ಮುಂಬಯಿಯಲ್ಲಿ ಇಳಿದ ದಿನದಿಂದ ಇದೇ ಕೈಗೆ ಪ್ರೋಬ್, ಅಂದರೆ ಮೈಮೇಲೆ ಆಡಿಸಿ ಸ್ಕ್ಯಾನ್ ಮಾಡುವ ಉಪಕರಣ, ಹಿಡಿಯುವ ಹಕ್ಕು ಇಲ್ಲ. ಒಂಬತ್ತು ವರ್ಷದ ಅನುಭವ ಸುಳ್ಳಾಯಿತಾ? ಇಲ್ಲ. ಆದರೆ ಇಲ್ಲಿನ ಕಾನೂನು ಬೇರೆ. ನಿಮ್ಮ ಪ್ರಶ್ನೆಯ ಗಂಟು ಇರುವುದೇ ಇಲ್ಲಿ.

ಪಕ್ಕದ ಮನೆಯವರ ಮಾತನ್ನು ಮೊದಲು ಮುಗಿಸಿಬಿಡೋಣ. ಸೋನೋಗ್ರಫಿಯಲ್ಲಿ, ಅಂದರೆ ಅಲ್ಟ್ರಾಸೌಂಡಿನಲ್ಲಿ, ಎಕ್ಸ್‌ರೇ ಥರದ ವಿಕಿರಣ ಇಲ್ಲವೇ ಇಲ್ಲ. ಅದು ಬರೀ ಶಬ್ದ, ನಮ್ಮ ಕಿವಿಗೆ ಕೇಳದಷ್ಟು ಸಣ್ಣ ಅಲೆಯ ಶಬ್ದ. ಆ ಶಬ್ದ ಗಾಳಿಯಲ್ಲಿ ಒಂದು ಗೇಣು ದೂರವೂ ಸರಿಯಾಗಿ ಹೋಗುವುದಿಲ್ಲ. ಅದಕ್ಕೇ ಹೊಟ್ಟೆ ಮೇಲೆ ತಣ್ಣನೆಯ ಜೆಲ್ ಹಚ್ಚುವುದು. ಚರ್ಮಕ್ಕೂ ಪ್ರೋಬಿಗೂ ನಡುವೆ ಗಾಳಿ ಉಳಿದರೆ ಪರದೆ ಮೇಲೆ ಏನೂ ಬರುವುದಿಲ್ಲ. ಇನ್ನು ಪಕ್ಕದಲ್ಲಿ ಕುಳಿತವರ ಹೊಟ್ಟೆಗೆ ಅದು ಹೋಗುವುದು ಎಲ್ಲಿಂದ? ಎಕ್ಸ್‌ರೇ, ಸಿಟಿ ಮಷೀನುಗಳ ಮೇಲೆ ನಿಗಾ ಇಡಲು ನಮ್ಮ ಮುಂಬಯಿಯ ಅಣುಶಕ್ತಿನಗರದಲ್ಲೇ ಅಣುಶಕ್ತಿ ನಿಯಂತ್ರಣ ಮಂಡಳಿ ಇದೆ. ಆ ಮಷೀನುಗಳ ಹತ್ತಿರ ಕೆಲಸ ಮಾಡುವವರು ಎದೆಗೆ ವಿಕಿರಣ ಅಳೆಯುವ ಬ್ಯಾಡ್ಜ್ ಹಾಕಿಕೊಳ್ಳಬೇಕು, ಬಸುರಿ ಆದಾಗ ತಿಳಿಸಬೇಕು. ಸೋನೋಗ್ರಫಿ ರೂಮಿನಲ್ಲಿ ಆ ಬ್ಯಾಡ್ಜ್ ಬೇಕಾಗಿಯೇ ಇಲ್ಲ. ನನ್ನ ಜೊತೆ ಕೆಲಸ ಮಾಡಿದ ಹುಡುಗಿಯರು ಒಂಬತ್ತನೇ ತಿಂಗಳವರೆಗೂ ಸ್ಕ್ಯಾನ್ ಮಾಡಿದ್ದಾರೆ. ನನಗೂ ಇಬ್ಬರು ಮಕ್ಕಳು.

ಈ ಕೆಲಸದಲ್ಲಿ ನಿಜವಾಗಿ ಹಾಳಾಗುವುದು ಭುಜ. ಅದನ್ನು ಯಾರೂ ಹೇಳುವುದಿಲ್ಲ ನೋಡಿ. ದಪ್ಪ ಇರುವವರ ಹೊಟ್ಟೆಯ ಮೇಲೆ ಒತ್ತಿ ಹಿಡಿದು, ಕುತ್ತಿಗೆ ಪರದೆಯ ಕಡೆ ತಿರುಗಿಸಿ, ಇನ್ನೊಂದು ಕೈಯಲ್ಲಿ ಗುಂಡಿ ಒತ್ತುತ್ತಾ ಇಡೀ ದಿನ ಕೂರಬೇಕು. ಹೊರದೇಶಗಳಲ್ಲಿ ನಡೆದ ಸಮೀಕ್ಷೆಗಳಲ್ಲಿ ಹತ್ತು ಸೋನೋಗ್ರಾಫರ್‌ಗಳಲ್ಲಿ ಎಂಟಕ್ಕೂ ಹೆಚ್ಚು ಜನ ಭುಜ, ಮಣಿಕಟ್ಟು, ಕುತ್ತಿಗೆ ನೋವು ಇದೆ ಎಂದಿದ್ದಾರೆ. ನನ್ನ ಬಲ ಭುಜ ಈಗಲೂ ಮಳೆಗಾಲದಲ್ಲಿ ಎಳೆಯುತ್ತದೆ. ಮಂಚದ ಎತ್ತರ ಸರಿ ಮಾಡಿಕೊಳ್ಳುವುದು, ರೋಗಿಯನ್ನು ಹತ್ತಿರ ಎಳೆದುಕೊಳ್ಳುವುದು, ಪ್ರೋಬಿನ ವೈರನ್ನು ಭುಜದ ಮೇಲೆ ಹಾಕಿಕೊಳ್ಳುವುದು, ಇವನ್ನು ಮೊದಲ ದಿನದಿಂದ ಅಭ್ಯಾಸ ಮಾಡಿಕೊಂಡರೆ ತುಂಬ ಕಡಿಮೆಯಾಗುತ್ತದೆ. ನಮಗೆ ಆಗ ಹೇಳಿಕೊಡುವವರು ಇರಲಿಲ್ಲ.

ಈಗ ನಾದಿನಿಯ ಮಾತು. ಅದರಲ್ಲಿ ಅರ್ಧ ನಿಜ ಇದೆ. ಆ ಅರ್ಧ ಬಹಳ ಮುಖ್ಯ.

ನಮ್ಮ ದೇಶದಲ್ಲಿ 1994ರ ಒಂದು ಕಾಯ್ದೆ ಇದೆ. ಹುಟ್ಟುವ ಮೊದಲೇ ಹೆಣ್ಣೋ ಗಂಡೋ ಎಂದು ತಿಳಿದು ಹೆಣ್ಣು ಭ್ರೂಣ ತೆಗೆಸುವುದನ್ನು ತಡೆಯಲು ಬಂದದ್ದು. ಕಚೇರಿ ಭಾಷೆಯಲ್ಲಿ ಪಿಸಿಪಿಎನ್‌ಡಿಟಿ ಎನ್ನುತ್ತಾರೆ. ಇದಕ್ಕೆ ದಾರಿ ಹಾಕಿದ್ದೇ ಮಹಾರಾಷ್ಟ್ರ. ಮುಂಬಯಿಯ ಹೆಂಗಸರ ಸಂಘಟನೆಗಳು, ಕೆಲವು ಡಾಕ್ಟರುಗಳು ಬೀದಿಗೆ ಇಳಿದು ಹೋರಾಡಿದ ಮೇಲೆ 1988ರಲ್ಲಿ ಇಲ್ಲಿ ರಾಜ್ಯದ ಕಾನೂನು ಬಂತು. ದೇಶದಲ್ಲೇ ಅದು ಮೊದಲನೆಯದು. ಅಷ್ಟಾದರೂ 2001ರ ಜನಗಣತಿಯಲ್ಲಿ ಮಹಾರಾಷ್ಟ್ರದ ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡಿಗೆ 913 ಹೆಣ್ಣು ಇದ್ದದ್ದು, 2011ಕ್ಕೆ 894ಕ್ಕೆ ಇಳಿಯಿತು. ಈ ಎರಡು ಅಂಕಿಗಳ ನಡುವೆ ಎಷ್ಟು ಕತ್ತಲೆ ರೂಮುಗಳು, ಎಷ್ಟು ಪಿಸುಮಾತುಗಳು ಇದ್ದವು ಎಂದು ಯೋಚಿಸಿದರೆ ನನಗೆ ಇವತ್ತಿಗೂ ಹೊಟ್ಟೆ ತೊಳಸುತ್ತದೆ. ಅದಕ್ಕೇ ಈ ಕಾನೂನಿನಿಂದ ನನ್ನ ಕೆಲಸ ಹೋಯಿತು ಎಂದು ನಾನು ಯಾವತ್ತೂ ಬೈದಿಲ್ಲ. ಮಷೀನ್ ತಪ್ಪಲ್ಲ, ಆದರೆ ಅದು ಯಾರ ಕೈಯಲ್ಲಿ ಇದೆ ಎನ್ನುವುದಕ್ಕೆ ಲೆಕ್ಕ ಇರಲೇಬೇಕು.

ಆ ಲೆಕ್ಕ ಹೇಗಿದೆ ಕೇಳಿ. ಪ್ರತಿ ಸೋನೋಗ್ರಫಿ ಮಷೀನ್ ಸರ್ಕಾರದಲ್ಲಿ ನೋಂದಣಿ ಆಗಿರಬೇಕು. ನೋಂದಣಿ ಪತ್ರ ಗೋಡೆ ಮೇಲೆ ಕಾಣಬೇಕು. ಒಳಗೆ ಹೋದ ಕೂಡಲೇ ‘ಯೇಥೆ ಗರ್ಭಲಿಂಗ ನಿದಾನ ಕೇಲೇ ಜಾತ ನಾಹೀ’ (ಇಲ್ಲಿ ಗರ್ಭದ ಲಿಂಗ ಪತ್ತೆ ಮಾಡುವುದಿಲ್ಲ) ಎನ್ನುವ ಮರಾಠಿ ಬೋರ್ಡ್ ನೀವು ನೋಡಿಯೇ ಇರುತ್ತೀರಿ. ಬಸುರಿ ಹೆಂಗಸಿನ ಒಂದೊಂದು ಸ್ಕ್ಯಾನಿಗೂ ಎಫ್ ಫಾರ್ಮ್ ತುಂಬಬೇಕು. ಅದಕ್ಕೆ ಅವಳ ಸಹಿಯೂ ಬೇಕು, ಡಾಕ್ಟರ ಸಹಿಯೂ ಬೇಕು. ಪ್ರತಿ ತಿಂಗಳ ಐದನೇ ತಾರೀಕಿನೊಳಗೆ ಹಿಂದಿನ ತಿಂಗಳ ಲೆಕ್ಕ ಅಧಿಕಾರಿಗಳಿಗೆ ಹೋಗಬೇಕು. ಕಾಗದ ಎರಡು ವರ್ಷ ಇಟ್ಟಿರಬೇಕು. ಸ್ಕ್ಯಾನ್ ಮಾಡುವವರು ಡಾಕ್ಟರೇ ಆಗಿರಬೇಕು. ಅದೂ ರೇಡಿಯಾಲಜಿಯಂಥ ಉನ್ನತ ಓದು ಓದಿದವರು, ಇಲ್ಲ ಇದಕ್ಕೆಂದೇ ಆರು ತಿಂಗಳ ತರಬೇತಿ ಪಡೆದ ಎಂಬಿಬಿಎಸ್ ಡಾಕ್ಟರು.

ಈ ‘ಆರು ತಿಂಗಳ ತರಬೇತಿ’ ಎನ್ನುವ ಪದದಿಂದ ಎಷ್ಟು ಮನೆಗಳು ಹಾಳಾಗಿವೆಯೋ. 2014ರಲ್ಲಿ ಬಂದ ಆ ನಿಯಮ ಎಂಬಿಬಿಎಸ್ ಆದವರಿಗೆ ಮಾತ್ರ. ಅದನ್ನೇ ತಿರುಚಿ ‘ಸರ್ಕಾರ ಆರು ತಿಂಗಳ ಸೋನೋಗ್ರಫಿ ಕೋರ್ಸ್ ಒಪ್ಪಿದೆ, ನಾವು ಒಂದು ವರ್ಷ ಕಲಿಸುತ್ತೇವೆ, ಇನ್ನೂ ಒಳ್ಳೆಯದು’ ಎಂದು ಹನ್ನೆರಡನೇ ಪಾಸಾದ ಮಕ್ಕಳಿಗೆ ಹೇಳುವವರು ಇದ್ದಾರೆ. ನಿಮ್ಮ ಠಾಣೆಯವರು ಹೀಗೆ ಹೇಳಿದರಾ ಗೊತ್ತಿಲ್ಲ. ಹೇಳಿದ್ದರೆ ಅಲ್ಲೇ ಎದ್ದು ಬನ್ನಿ.

ಪೊಲೀಸರ ಮಾತಿಗೆ ಬಂದರೆ, ಸೋನೋಗ್ರಫಿ ವಿಭಾಗದಲ್ಲಿ ಕೆಲಸ ಮಾಡುವುದು ಅಪರಾಧವಲ್ಲ. ಡಾಕ್ಟರ್ ಮಾಡಬೇಕಾದ ಸ್ಕ್ಯಾನನ್ನು ಟೆಕ್ನೀಷಿಯನ್ ಪ್ರೋಬ್ ಹಿಡಿದು ಮಾಡಿದರೆ ಅಪರಾಧ. ಅಲ್ಲಿ ಮಾಲೀಕರು, ಡಾಕ್ಟರು ಮಾತ್ರ ಸಿಕ್ಕಿಬೀಳುತ್ತಾರೆ ಎಂದುಕೊಳ್ಳಬೇಡಿ. ಆ ಸೆಂಟರ್‌ನಲ್ಲಿ ಕೆಲಸಕ್ಕಿದ್ದು ತಾಂತ್ರಿಕ ಸೇವೆ ಕೊಡುವವರ ಮೇಲೂ ಕೇಸ್ ಹಾಕಬಹುದು ಎಂದು ಕಾಯ್ದೆಯಲ್ಲೇ ಬರೆದಿದೆ. ಮೊದಲ ಸಲಕ್ಕೆ ಮೂರು ವರ್ಷದವರೆಗೆ ಜೈಲು, ಹತ್ತು ಸಾವಿರದವರೆಗೆ ದಂಡ.

ಇದು ಸುಮ್ನೆ ಹೆದರಿಸಲು ಹೇಳುವ ಮಾತಲ್ಲ. ಮಸ್ಕತ್‌ನಿಂದ ಬಂದ ಹೊಸದರಲ್ಲಿ ಉಪನಗರದ ಒಂದು ಸೆಂಟರ್‌ನಲ್ಲಿ ಕೆಲಸಕ್ಕೆ ಸೇರಿದೆ. ಎಕ್ಸ್‌ರೇ ನೋಡಿಕೊಳ್ಳಲು. ಅಲ್ಲಿಯ ಡಾಕ್ಟರ್ ಮೂರು ಕಡೆ ಓಡಾಡುವವರು. ನಾನು ಹೊರಗೆ ಸ್ಕ್ಯಾನ್ ಮಾಡಿದವಳು ಎಂದು ಗೊತ್ತಾದ ಮೇಲೆ ಒಂದು ಸಂಜೆ ಫೋನ್ ಮಾಡಿ, ‘ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದೇನೆ, ನಾಲ್ಕು ಜನ ಕಾಯುತ್ತಿದ್ದಾರೆ, ನೀವು ಶುರು ಮಾಡಿ, ಸಹಿ ಹಾಕಿದ ಲೆಟರ್‌ಹೆಡ್ ಡ್ರಾಯರ್‌ನಲ್ಲಿದೆ’ ಎಂದರು. ಡ್ರಾಯರ್ ಎಳೆದು ನೋಡಿದರೆ ಖಾಲಿ ಹಾಳೆಗಳ ಕೆಳಗೆ ನೀಲಿ ಶಾಯಿಯ ಸಹಿ, ಒಂದರ ಮೇಲೊಂದು ಜೋಡಿಸಿಟ್ಟಿದ್ದರು. ಹೊರಗೆ ಕಾಯುತ್ತಿದ್ದವರಲ್ಲಿ ಒಬ್ಬಳು ಏಳು ತಿಂಗಳ ಬಸುರಿ, ಎರಡು ಲೀಟರ್ ನೀರು ಕುಡಿದು ಚಡಪಡಿಸುತ್ತಿದ್ದಳು. ಸ್ಕ್ಯಾನ್ ಮಾಡುವುದು ನನಗೆ ಹತ್ತು ನಿಮಿಷದ ಕೆಲಸ. ಕೈ ಹೋಗಲಿಲ್ಲ. ಅವಳಿಗೆ ಬೇರೆ ಕಡೆ ಹೋಗಲು ಹೇಳಿ, ಮರುದಿನ ಕೆಲಸ ಬಿಟ್ಟೆ. ಆ ತಿಂಗಳ ಸಂಬಳ ಕೊಡಲಿಲ್ಲ. ನನಗಾಗ ವಯಸ್ಸಿತ್ತು, ಅನುಭವ ಇತ್ತು, ಮನೆಯಲ್ಲಿ ಇನ್ನೊಂದು ಸಂಬಳ ಇತ್ತು. ಹತ್ತೊಂಬತ್ತು ವರ್ಷದ ಹುಡುಗಿಗೆ, ಸಾಲ ಮಾಡಿ ಡಿಪ್ಲೊಮಾ ಮುಗಿಸಿದವಳಿಗೆ, ‘ಆಗುವುದಿಲ್ಲ ಸರ್’ ಎನ್ನುವುದು ಸುಲಭವಾ? ಇಂಥ ಡಿಪ್ಲೊಮಾ ಹಿಡಿದವರನ್ನು ಕಡಿಮೆ ಸಂಬಳಕ್ಕೆ ಸೇರಿಸಿಕೊಳ್ಳುವವರಲ್ಲಿ ಕೆಲವರಿಗೆ ಬೇಕಾಗಿರುವುದು ಇದೇ, ಇಲ್ಲ ಎನ್ನಲಾರದ ಕೈ. ನನಗೆ ನಿಮ್ಮ ಮಗಳ ಬಗ್ಗೆ ಇರುವ ಮುಖ್ಯ ಭಯ ಇದು.

ಹಾಗಾದರೆ ಇಲ್ಲಿ ಟೆಕ್ನೀಷಿಯನ್‌ಗೆ ಸೋನೋಗ್ರಫಿ ರೂಮಿನಲ್ಲಿ ಏನು ಕೆಲಸ? ರೋಗಿಯನ್ನು ಸಿದ್ಧ ಮಾಡುವುದು, ಯಾರು ಉಪವಾಸ ಬರಬೇಕು, ಯಾರು ನೀರು ಕುಡಿದು ಬರಬೇಕು ಎಂದು ಹೇಳುವುದು, ಎಫ್ ಫಾರ್ಮ್ ತುಂಬಿಸುವುದು, ಪ್ರೋಬ್ ಶುಚಿ ಮಾಡುವುದು, ಡಾಕ್ಟರ್ ಹೇಳಿದ್ದನ್ನು ಟೈಪ್ ಮಾಡುವುದು, ಬಯಾಪ್ಸಿ ಇದ್ದರೆ ಸಾಮಾನು ಜೋಡಿಸಿಕೊಡುವುದು. ಮರ್ಯಾದೆಯ ಕೆಲಸವೇ. ಆದರೆ ಇದಕ್ಕೆ 1,80,000 ಕೊಟ್ಟು ಕಲಿಯಬೇಕಾಗಿಲ್ಲ, ಮತ್ತು ನಿಮ್ಮ ಮಗಳು ಕನಸು ಕಂಡದ್ದೂ ಇದನ್ನಲ್ಲ.

ಆ ಡಿಪ್ಲೊಮಾ ಯಾಕೆ ಬೇಡ ಎನ್ನುವುದಕ್ಕೆ ಇನ್ನೊಂದು ಗಟ್ಟಿ ಕಾರಣ ಇದೆ. 2021ರಲ್ಲಿ ಕೇಂದ್ರ ಸರ್ಕಾರ ನಮ್ಮಂಥವರಿಗಾಗಿ ಒಂದು ಕಾಯ್ದೆ ತಂದಿತು. ಟೆಕ್ನೀಷಿಯನ್, ಫಿಸಿಯೋಥೆರಪಿಸ್ಟ್, ಆಪ್ಟೊಮೆಟ್ರಿಸ್ಟ್ ಎಲ್ಲರಿಗೂ ಸೇರಿಸಿ ಒಂದು ರಾಷ್ಟ್ರೀಯ ಆಯೋಗ. ಅದರ ಪ್ರಕಾರ ಈ ಕ್ಷೇತ್ರದ ಅತಿ ಸಣ್ಣ ಅರ್ಹತೆ ಎಂದರೂ 2000 ಗಂಟೆಯ ಓದು, ಕನಿಷ್ಠ ಎರಡು ವರ್ಷಕ್ಕೆ ಹಂಚಿದ್ದು ಇರಬೇಕು. ಅದರ ಮೇಲಿನ ದರ್ಜೆಗೆ 3600 ಗಂಟೆ, ಕನಿಷ್ಠ ಮೂರು ವರ್ಷ. ಒಂದು ವರ್ಷದ ಡಿಪ್ಲೊಮಾ ಈ ಅಳತೆಗೆ ಮುಟ್ಟುವುದೇ ಇಲ್ಲ, ಅಲ್ವಾ? ಸಂತೋಷದ ವಿಷಯ ಒಂದಿದೆ. ಆ ಕಾಯ್ದೆಯ ಪಟ್ಟಿಯಲ್ಲಿ ರೇಡಿಯಾಲಜಿ ಟೆಕ್ನಾಲಜಿಸ್ಟ್ ಎನ್ನುವ ತಲೆಬರಹದ ಕೆಳಗೆ ಸೋನೋಗ್ರಾಫರ್ ಎಂಬ ಹೆಸರೂ ಸೇರಿದೆ. ಅದನ್ನು ಮೊದಲ ಸಲ ಓದಿದಾಗ ನನ್ನ ಕಣ್ಣು ತುಂಬಿತು. ಆದರೆ ಹೆಸರು ಬಂದ ಮಾತ್ರಕ್ಕೆ 1994ರ ಕಾಯ್ದೆ ಸಡಿಲವಾಗಿಲ್ಲ. ಮುಂದೆ ಏನಾದೀತೆಂದು ಲೆಕ್ಕ ಹಾಕಿ ಇವತ್ತು ದುಡ್ಡು ಸುರಿಯುವುದು ಬೇಡ.

ಹೊರದೇಶದ ಆಸೆ ತಪ್ಪಲ್ಲ. ನಾನೇ ಹೋಗಿ ಬಂದವಳು. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ಇಂಗ್ಲೆಂಡ್‌ಗಳಲ್ಲಿ ಸೋನೋಗ್ರಾಫರ್ ಎನ್ನುವುದು ಪೂರ್ತಿ ಬೇರೆಯೇ ಒಂದು ವೃತ್ತಿ. ಅಲ್ಲಿ ಸ್ಕ್ಯಾನ್ ಮಾಡುವವರಲ್ಲಿ ಹೆಚ್ಚಿನವರು ಅವರೇ. ಆದರೆ ದಾರಿ ಇನ್‌ಸ್ಟಿಟ್ಯೂಟ್‌ನವರು ಹೇಳಿದಷ್ಟು ನೇರ ಇಲ್ಲ. ಸೋನೋಗ್ರಾಫರ್‌ಗಳಿಗೆ ಅಮೆರಿಕದಲ್ಲಿ ಕೊಡುವ ಎಆರ್‌ಡಿಎಂಎಸ್ ಪ್ರಮಾಣಪತ್ರದ ಹೆಸರು ನಿಮಗೂ ಹೇಳಿರುತ್ತಾರೆ. ಅದಕ್ಕೆ ಮೊದಲು ಅಲ್ಟ್ರಾಸೌಂಡಿನ ಭೌತಶಾಸ್ತ್ರ, ಮಷೀನಿನ ಬಗ್ಗೆ ಒಂದು ಪರೀಕ್ಷೆ, ಆಮೇಲೆ ಹೊಟ್ಟೆ ಅಥವಾ ಬಸಿರಿನಂಥ ಒಂದು ವಿಭಾಗದ ಪರೀಕ್ಷೆ. ಪರೀಕ್ಷೆಗೆ ಕೂರಲು ಅವರು ಒಪ್ಪಿದ ಕೋರ್ಸ್ ಮಾಡಿರಬೇಕು, ಇಲ್ಲವಾದರೆ ಡಿಗ್ರಿಯ ಜೊತೆ ಪೂರ್ತಿ ಹೊತ್ತಿನ 12 ತಿಂಗಳ ಸ್ಕ್ಯಾನಿಂಗ್ ಅನುಭವ ತೋರಿಸಬೇಕು. ಇಲ್ಲಿ ಟೆಕ್ನೀಷಿಯನ್ ಸ್ಕ್ಯಾನ್ ಮಾಡುವಂತಿಲ್ಲ, ಮಾಡದೆ ಅನುಭವ ಇಲ್ಲ, ಅನುಭವ ಇಲ್ಲದೆ ಪರೀಕ್ಷೆ ಇಲ್ಲ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಅಂತಾರಲ್ಲ, ಹಾಗೆ. ಕೆಲವು ಕಡೆ ಸುಳ್ಳು ಅನುಭವ ಪತ್ರವನ್ನೂ ‘ಪ್ಯಾಕೇಜಿನಲ್ಲಿ’ ಸೇರಿಸಿ ಕೊಡುತ್ತಾರೆ. ದಯವಿಟ್ಟು ಮುಟ್ಟಬೇಡಿ. ಕೊಲ್ಲಿ ದೇಶಗಳ ಲೈಸೆನ್ಸಿಗೆ ಡೇಟಾಫ್ಲೋ ಎಂಬ ಸಂಸ್ಥೆ ನಿಮ್ಮ ಪ್ರತಿ ಕಾಗದವನ್ನು ಅದು ಹೊರಟ ಜಾಗಕ್ಕೇ ಕಳಿಸಿ ವಿಚಾರಿಸುತ್ತದೆ. ಒಂದು ಸಲ ಸುಳ್ಳು ಎಂದು ಬಂದರೆ ಆಮೇಲೆ ನಿಜವಾದ ಕಾಗದಕ್ಕೂ ಬೆಲೆ ಇರುವುದಿಲ್ಲ.

ಹೊರಗೆ ಹೋಗಿ ಸೋನೋಗ್ರಾಫರ್ ಆದ ನಮ್ಮವರಲ್ಲಿ ನಾನು ಕಂಡ ಬಹುಪಾಲು ಜನ ಮೊದಲು ರೇಡಿಯೋಗ್ರಾಫರ್ ಆದವರು. ಎಕ್ಸ್‌ರೇ, ಸಿಟಿ, ಎಂಆರ್‌ಐ ಕಲಿತು, ಎರಡು ಮೂರು ವರ್ಷ ಒಳ್ಳೆಯ ಆಸ್ಪತ್ರೆಯಲ್ಲಿ ದುಡಿದು, ಆ ಮೇಲೆ ಅಲ್ಲಿಗೆ ಹೋಗಿ ಸೋನೋಗ್ರಫಿ ಓದಿದರು. ಇಂಗ್ಲೆಂಡಿನಲ್ಲಿ ಇದೇ ಹಳೆಯ ದಾರಿ. ರೇಡಿಯೋಗ್ರಫಿ ಡಿಗ್ರಿ, ಅಲ್ಲಿನ ಆರೋಗ್ಯ ವೃತ್ತಿಯವರ ಮಂಡಳಿ ಎಚ್‌ಸಿಪಿಸಿಯಲ್ಲಿ ನೋಂದಣಿ, ಕೆಲಸ, ಮತ್ತೆ ಅಲ್ಟ್ರಾಸೌಂಡಿನಲ್ಲಿ ಸ್ನಾತಕೋತ್ತರ ಓದು.

ಆದ್ದರಿಂದ ನನ್ನ ಸಲಹೆ, ಮಗಳು ಇಮೇಜಿಂಗ್‌ನಲ್ಲಿ ಪೂರ್ತಿ ಡಿಗ್ರಿ ಮಾಡಲಿ. ಮಹಾರಾಷ್ಟ್ರದಲ್ಲಿ ನಾಸಿಕದ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದ ಬಿಪಿಎಂಟಿ ಎಂಬ ಪ್ಯಾರಾಮೆಡಿಕಲ್ ಡಿಗ್ರಿ ಕೋರ್ಸ್ ಇದೆ. ಅದರಲ್ಲಿ ರೇಡಿಯೋಗ್ರಫಿ ಒಂದು ವಿಭಾಗ. ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಸಿಕ್ಕರೆ ಫೀಸ್ ಖಾಸಗಿಗಿಂತ ತುಂಬ ಕಡಿಮೆ, ನೋಡಲು ಸಿಗುವ ರೋಗಿಗಳು ತುಂಬ ಜಾಸ್ತಿ. ಕೆಇಎಂ, ಜೆಜೆಯಂಥ ಆಸ್ಪತ್ರೆಯ ಎಕ್ಸ್‌ರೇ ರೂಮಿನಲ್ಲಿ ಒಂದು ಬೆಳಿಗ್ಗೆ ನಿಂತರೆ ಬೇರೆ ಕಡೆ ಒಂದು ತಿಂಗಳಲ್ಲಿ ಕಾಣದ್ದನ್ನು ಕಾಣಬಹುದು. ಊರ ಕಡೆ ಕಳಿಸಲು ಮನಸ್ಸಿದ್ದರೆ ಮಣಿಪಾಲದಲ್ಲಿ ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿ ಬಿಎಸ್ಸಿ ಇದೆ. ಕುಂದಾಪುರದಿಂದ ಬಸ್ಸಿನಲ್ಲಿ ಹೋಗಿ ಬರುವ ದೂರ. ಕಲಿಕೆ ಒಳ್ಳೆಯದು, ಖರ್ಚು ಸರ್ಕಾರಿ ಕಾಲೇಜಿನಂತಲ್ಲ. ಬೆಂಗಳೂರಿನ ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ಕೆಳಗೂ ಇಂಥ ಕೋರ್ಸಿನ ಕಾಲೇಜುಗಳಿವೆ. ಅಲ್ಲಿ ಕಾಲೇಜಿನಿಂದ ಕಾಲೇಜಿಗೆ ಅಜಗಜಾಂತರ. ಸ್ವಂತ ಆಸ್ಪತ್ರೆ ಇಲ್ಲದ ಕಾಲೇಜಿಗೆ ಸೇರಿಸಲೇಬೇಡಿ.

ಈ ದಾರಿಯಲ್ಲೂ ಅಪಾಯ ಇಲ್ಲವೆಂದಲ್ಲ. ಮೂರು ನಾಲ್ಕು ವರ್ಷ ಬೇಕು. ನನ್ನ ಕೈಯಲ್ಲಿ ಕಲಿತವರಿಗೆ ಮುಂಬಯಿಯಲ್ಲಿ ಮೊದಲ ಸಂಬಳ ಹದಿನೈದು ಇಪ್ಪತ್ತು ಸಾವಿರದ ಆಸುಪಾಸು ಸಿಕ್ಕಿದೆ, ರಾತ್ರಿ ಪಾಳಿ ಸೇರಿ. ಸಿಟಿ, ಎಂಆರ್‌ಐ ಕೈಗೆ ಬಂದ ಮೇಲೆ ಏರುತ್ತದೆ. ಮತ್ತೆ, ಇಲ್ಲಿದ್ದಷ್ಟು ದಿನ ಸೋನೋಗ್ರಫಿಯ ಪ್ರೋಬ್ ಅವಳ ಕೈಗೆ ಬರುವುದಿಲ್ಲ. ಇದನ್ನು ಅವಳಿಗೆ ಈಗಲೇ ಬಿಡಿಸಿ ಹೇಳಿ. ನಡುವೆ ಗೊತ್ತಾದರೆ ಮನಸ್ಸು ಮುರಿಯುತ್ತದೆ.

‘ನನಗೆ ಅಲ್ಟ್ರಾಸೌಂಡೇ ಬೇಕು, ಇಲ್ಲೇ ಬೇಕು’ ಎಂದರೆ ಹೃದಯದ ಕಡೆ ನೋಡಲಿ. 2ಡಿ ಎಕೋ ಎನ್ನುತ್ತೇವಲ್ಲ, ಅದೂ ಅಲ್ಟ್ರಾಸೌಂಡೇ. ಬಿಪಿಎಂಟಿಯಲ್ಲಿ ಕಾರ್ಡಿಯಾಲಜಿ ಟೆಕ್ನೀಷಿಯನ್ ವಿಭಾಗ ಇದೆ, ಕರ್ನಾಟಕದಲ್ಲಿ ಕಾರ್ಡಿಯಾಕ್ ಕೇರ್ ಟೆಕ್ನಾಲಜಿ ಬಿಎಸ್ಸಿ ಇದೆ. ದೊಡ್ಡ ಹೃದಯ ವಿಭಾಗಗಳಲ್ಲಿ ಎಕೋ ಟೆಕ್ನಾಲಜಿಸ್ಟ್ ಚಿತ್ರ, ಅಳತೆ ತೆಗೆದು ಕೊಡುತ್ತಾರೆ, ಕಾರ್ಡಿಯಾಲಜಿಸ್ಟ್ ನೋಡಿ ರಿಪೋರ್ಟಿಗೆ ಸಹಿ ಹಾಕುತ್ತಾರೆ. ಹೊಟ್ಟೆಯೊಳಗಿನ ಮಗುವಿನ ಹೃದಯ ನೋಡುವುದು ಮಾತ್ರ ಮತ್ತೆ 1994ರ ಕಾಯ್ದೆಯೊಳಗೇ ಬರುತ್ತದೆ, ಅದಕ್ಕೆ ಕೈ ಹಾಕುವಂತಿಲ್ಲ. ಡಾಕ್ಟರ ಕಣ್ಣಳತೆಯಲ್ಲಿ ಕೆಲಸ ನಡೆಯುವ ಆಸ್ಪತ್ರೆಯನ್ನೇ ಆರಿಸಿಕೊಳ್ಳಬೇಕು. ನಿಮ್ಮ ಮಗಳ ಆಸಕ್ತಿಗೆ ಇದು ತುಂಬ ಹತ್ತಿರದ ದಾರಿ ಎಂದು ನನ್ನ ಮನಸ್ಸು ಹೇಳುತ್ತದೆ. ಕವಾಟ ತೆರೆದು ಮುಚ್ಚುವುದನ್ನು ಒಂದು ಸಲ ನೋಡಿದರೆ ಅವಳು ಪಿತ್ತಕೋಶವನ್ನು ಮರೆತರೂ ಮರೆತಾಳು.

ಅರ್ಜಿ ಹಾಕುವ ವಿಷಯದಲ್ಲಿ ಮುಂಬಯಿ ಕನ್ನಡಿಗರು ಎಡವುವುದು ಕಾಗದಪತ್ರದಲ್ಲಿ. ಮಹಾರಾಷ್ಟ್ರದ ಡೊಮಿಸೈಲ್ ಸರ್ಟಿಫಿಕೇಟಿಗೆ 15 ವರ್ಷದ ವಾಸದ ದಾಖಲೆ ಬೇಕು. ನಿಮ್ಮದು ಇಪ್ಪತ್ತೆರಡು ವರ್ಷ, ಸರಿ. ಆದರೆ ರೇಷನ್ ಕಾರ್ಡ್, ಲೈಟ್ ಬಿಲ್, ಶಾಲೆಯ ದಾಖಲೆ ಒಂದೇ ಹೆಸರಿನಲ್ಲಿ, ಒಂದೇ ಕಾಗುಣಿತದಲ್ಲಿ ಇವೆಯಾ ನೋಡಿ. ನಮ್ಮ ಹೆಸರಿನ ಹಿಂದೆ ಊರು, ಮನೆತನ ಎಲ್ಲ ಸೇರಿ ಒಂದೊಂದು ಕಡೆ ಒಂದೊಂದು ಥರ ಇರುತ್ತದೆ. ಇದನ್ನು ಸರಿ ಮಾಡಿಸುವುದಕ್ಕೇ ವಾರಗಟ್ಟಲೆ ಹೋಗುತ್ತದೆ. ಊರಿನಲ್ಲಿ ಮಾಡಿಸಿದ ಜಾತಿ ಸರ್ಟಿಫಿಕೇಟ್ ಇಲ್ಲಿನ ಮೀಸಲಾತಿಗೆ ಸಾಮಾನ್ಯವಾಗಿ ನಡೆಯುವುದಿಲ್ಲ, ಅದನ್ನು ನಂಬಿಕೊಂಡು ಕೂರಬೇಡಿ. ನೀಟ್ ಅಂಕಪಟ್ಟಿಯನ್ನು ಬಿಸಾಡದೆ ಇಟ್ಟುಕೊಳ್ಳಿ. ಪ್ರವೇಶದ ನಿಯಮ ವರ್ಷದಿಂದ ವರ್ಷಕ್ಕೆ ಬದಲಾಗುತ್ತಿದೆ, ಏಜೆಂಟರ ಬಾಯಿಮಾತು ಬಿಟ್ಟು ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲೇ ಓದಿ. ಮರಾಠಿ ಅಥವಾ ಇಂಗ್ಲಿಷ್ ಮಗಳಿಗೆ ಬರುತ್ತದೆ, ಅವಳೇ ಓದಲಿ.

ಯಾವ ಕಾಲೇಜಿಗೆ ಹೋದರೂ ಆಫೀಸಿನಲ್ಲಿ ಕುಳಿತವರನ್ನು ಕೇಳಿ: ಸರ್ಟಿಫಿಕೇಟಿನ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರು ಇರುತ್ತದೆ? ಆ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ನಿಮ್ಮ ಕಾಲೇಜು ಎಲ್ಲಿದೆ ತೋರಿಸಿ. ಟೆಕ್ನೀಷಿಯನ್‌ಗಳನ್ನು ನೋಂದಾಯಿಸುವ ರಾಜ್ಯದ ಕೌನ್ಸಿಲ್‌ನಲ್ಲಿ ನೋಂದಣಿ ಆಗುತ್ತದಾ? ಆಮೇಲೆ ಕೆಳಗೆ ಬಂದು, ಎರಡನೇ ವರ್ಷದ ಯಾರಾದರೂ ಹುಡುಗಿಗೆ ಒಂದು ಚಹಾ ಕುಡಿಸಿ ಕೇಳಿ, ‘ನೀನು ಇವತ್ತು ಎಷ್ಟು ಎಕ್ಸ್‌ರೇ ತೆಗೆದೆ?’ ಅಂತ. ಆಫೀಸಿನವರ ಉತ್ತರಕ್ಕಿಂತ ಈ ಉತ್ತರ ಮುಖ್ಯ. ಠಾಣೆಯವರನ್ನೂ ಬೇಕಾದರೆ ಇದೇ ಪ್ರಶ್ನೆ ಕೇಳಿ ನೋಡಿ.

ಇನ್ನು ಮಗಳ ಪ್ರಶ್ನೆ. ಇದನ್ನು ಅವಳಿಗೇ ಓದಲು ಕೊಡಿ.

ನೋಡು ಮಗಾ, ಮಷೀನ್ ಶಬ್ದ ಕಳಿಸುತ್ತದೆ, ವಾಪಸ್ ಬಂದ ಪ್ರತಿಧ್ವನಿಯಿಂದ ಚಿತ್ರ ಬರೆಯುತ್ತದೆ. ಪ್ರತಿಧ್ವನಿ ಬಂದರೆ ಬಿಳಿ, ಬರದಿದ್ದರೆ ಕಪ್ಪು. ಕಲ್ಲಿಗೆ ಬಡಿದ ಶಬ್ದದಲ್ಲಿ ಸ್ವಲ್ಪ ವಾಪಸ್ ಹಾರುತ್ತದೆ, ಉಳಿದದ್ದನ್ನು ಕಲ್ಲೇ ನುಂಗುತ್ತದೆ. ಅದಕ್ಕೆ ಕಲ್ಲಿನ ಮುಖ ಬಿಳಿ. ಅದರ ಹಿಂದಕ್ಕೆ ಶಬ್ದ ಹೋಗುವುದೇ ಇಲ್ಲ, ಹೋಗದೆ ಬರುವುದು ಹೇಗೆ? ಅಲ್ಲಿ ಕಪ್ಪು ಪಟ್ಟಿ. ಬಿಸಿಲಿಗೆ ತೆಂಗಿನಮರದ ನೆರಳು ಬಿದ್ದ ಹಾಗೆ, ಇದು ಶಬ್ದದ ನೆರಳು. ಆದರೆ ಕಲ್ಲಿನ ಸುತ್ತ ಇದ್ದ ಪಿತ್ತರಸವೂ ಕಪ್ಪಾಗಿಯೇ ಇತ್ತು, ಗಮನಿಸಿದೆಯಾ? ಅದು ಬೇರೆ ಕಪ್ಪು. ಆ ನೀರು ಶಬ್ದವನ್ನು ತಡೆಯುವುದೇ ಇಲ್ಲ, ಎಲ್ಲವನ್ನೂ ದಾಟಲು ಬಿಡುತ್ತದೆ. ಅದಕ್ಕೇ ಪಿತ್ತಕೋಶದ ಹಿಂದಿನ ಭಾಗ ಅಕ್ಕಪಕ್ಕಕ್ಕಿಂತ ಜಾಸ್ತಿ ಬೆಳ್ಳಗೆ ಹೊಳೆಯುತ್ತದೆ. ಒಂದು ಕಪ್ಪಿನ ಹಿಂದೆ ಬೆಳಕು, ಇನ್ನೊಂದು ಕಪ್ಪಿನಲ್ಲಿ ಏನೂ ಇಲ್ಲ. ಇವೆರಡನ್ನು ಬೇರೆ ಮಾಡಿ ನೋಡಲು ಬಂದ ದಿನ ನನ್ನ ಹುಡುಗ ಹುಡುಗಿಯರ ಮುಖ ಅರಳುತ್ತದೆ.

ಇನ್ನೊಂದು. ನಡುವೆ ಡಾಕ್ಟರ್ ಅಜ್ಜಿಯನ್ನು ಎಡಮಗ್ಗುಲಿಗೆ ತಿರುಗಲು ಹೇಳಿರಬೇಕು. ಅದು ಕಲ್ಲು ಉರುಳುತ್ತದಾ ಎಂದು ನೋಡಲು. ಗೋಡೆಗೆ ಅಂಟಿದ ಗಂಟಾದರೆ ಇದ್ದಲ್ಲೇ ಇರುತ್ತದೆ, ಕಲ್ಲಾದರೆ ಗೋಲಿಯ ಹಾಗೆ ಕೆಳಗೆ ಜಾರುತ್ತದೆ. ಅಜ್ಜಿಯದು ಜಾರಿತಾ? ನೆನಪಿದ್ದರೆ ನನಗೆ ಬರೆ.